ಸೌತ್‌ಪೋರ್ಟ್ ಗಲಾಟೆ, ಪೊಲೀಸರು, ವಲಸಿಗರು: ಆ ರಾತ್ರಿ ಫಾರ್ವರ್ಡ್ ಮಾಡಿದ್ದು ನಾನೂ ಹೌದು

ಲೆಸ್ಟರ್‌ನ ತುಮಕೂರಿನವನು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಹೊಟ್ಟೇಲಿ ಇಟ್ಕೊಂಡಿದ್ದ ವಿಷಯ, ಇವತ್ತು ಬರೆದುಬಿಡ್ತೀನಿ.

2024ರ ಜುಲೈ 29, ಸೋಮವಾರ. ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಡ್ಯಾನ್ಸ್ ಕ್ಲಾಸಿಗೆ ಚಾಕು ಹಿಡಿದು ನುಗ್ಗಿದವನು ಮೂರು ಪುಟ್ಟ ಹುಡುಗಿಯರನ್ನ ಕೊಂದ. ಸಂಜೆ ನಾನು ಚಪಾತಿ ಲಟ್ಟಿಸ್ತಾ ಇದ್ದೆ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಮೆಸೇಜ್ ಬಂತು. ಕೊಲೆಗಾರ ಹೋದ ವರ್ಷ ದೋಣೀಲಿ ಬಂದವನು, ಇಂಥ ಹೆಸರಿನ ಮುಸ್ಲಿಂ, ಪೊಲೀಸರು ಮುಚ್ಚಿಡ್ತಿದ್ದಾರೆ ಅಂತ. ಹಿಟ್ಟು ಮೆತ್ತಿದ ಕೈಯಲ್ಲೇ ಇನ್ನೆರಡು ಗುಂಪಿಗೆ ಕಳಿಸಿದೆ. ಯಾರು ಬರೆದದ್ದು, ಎಲ್ಲಿಂದ ಬಂದದ್ದು, ಒಂದೂ ನೋಡಲಿಲ್ಲ.

ಮಾರನೇ ದಿನ ಆ ಊರಿನ ಮಸೀದಿ ಮುಂದೆ ಕಲ್ಲು, ಬಾಟಲಿ, ಪೊಲೀಸ್ ವ್ಯಾನಿಗೆ ಬೆಂಕಿ. ಆಗಸ್ಟ್ 1ಕ್ಕೆ ಕೋರ್ಟ್ ಹೆಸರು ಬಹಿರಂಗ ಮಾಡೋಕೆ ಬಿಟ್ಟಾಗ ಗೊತ್ತಾಯ್ತು, ಹುಡುಗನಿಗೆ 17 ವರ್ಷ, ಹುಟ್ಟಿದ್ದು ಕಾರ್ಡಿಫ್‌ನಲ್ಲಿ, ಅಪ್ಪ ಅಮ್ಮ ರುವಾಂಡಾದ ಕ್ರೈಸ್ತರು. ನಾನು ಕಳಿಸಿದ ಹೆಸರು ಕಟ್ಟುಕತೆ. ಆದರೆ ಬೆಂಕಿ ನಿಲ್ಲಲಿಲ್ಲ. ಆಗಸ್ಟ್ 4ಕ್ಕೆ ರಾದರ್‌ಹ್ಯಾಮ್ ಹತ್ತಿರ, ಆಶ್ರಯ ಕೇಳಿ ಬಂದವರನ್ನ ಇಟ್ಟಿದ್ದ ಹೋಟೆಲಿಗೆ, ಒಳಗೆ ಜನ ಇದ್ದಾಗಲೇ ಕೊಳ್ಳಿ ಇಟ್ಟರು.

ಆ ವಾರ ನನ್ನ ಹೆಂಡತಿ ಬಸ್ಸಲ್ಲಿ ಕೆಲಸಕ್ಕೆ ಹೋಗಲಿಲ್ಲ. ಹಣೇಲಿ ಬೊಟ್ಟಿದೆಯೋ ತಲೇಲಿ ಬಟ್ಟೆ ಇದೆಯೋ ಅಂತ ಕಲ್ಲು ಎತ್ತಿಕೊಂಡವನು ನೋಡಲ್ವಲ್ಲ.

ಯುರೋಪಿನಲ್ಲಿ ಮತಾಂಧರ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದರ ಬಗ್ಗೆ ಬಾಯಿ ಬಿಟ್ಟರೆ ನಾನು ಕಳಿಸಿದಂಥ ಮೆಸೇಜು ಆಗುತ್ತೆ, ಬಿಡದಿದ್ದರೆ ಕಣ್ಣು ಮುಚ್ಚಿಕೊಂಡ ಹಾಗಾಗುತ್ತೆ. ನೀವೆಲ್ಲ ಹೇಗೆ ನೋಡ್ತೀರಿ?

ಹಾಸನದ ಗಟ್ಟಿಗ:

ಪಶ್ಚಾತ್ತಾಪ ಎಲ್ಲ ಸರಿ ಸಾರ್. ಆದ್ರೆ ಜನ ಆ ಸುಳ್ಳನ್ನ ಯಾಕೆ ನಂಬಿದ್ರು ಅನ್ನೋದನ್ನೂ ಕೇಳ್ಬೇಕಲ್ವಾ?

ನೀವು ರಾದರ್‌ಹ್ಯಾಮ್ ಹೆಸರು ಹೇಳಿದ್ರಿ. ಅದೇ ಊರು. 1997ರಿಂದ 2013ರವರೆಗೆ ಕಡಿಮೆ ಅಂದ್ರೂ 1,400 ಮಕ್ಕಳು ಲೈಂಗಿಕ ಶೋಷಣೆಗೆ ಸಿಕ್ಕಿದ್ರು ಅಂತ 2014ರಲ್ಲಿ ಜೇ ಅನ್ನೋರು ನಡೆಸಿದ ಸ್ವತಂತ್ರ ತನಿಖೆಯ ವರದಿ ಬಂತು. ದುಷ್ಕರ್ಮಿಗಳಲ್ಲಿ ಹೆಚ್ಚಿನವರು ಏಷ್ಯನ್ನರು ಅಂತ ಸಂತ್ರಸ್ತರು ಹೇಳ್ತಾನೇ ಇದ್ರು, ಗೊತ್ತಾದವರಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು. ಕೌನ್ಸಿಲ್ ಸಿಬ್ಬಂದಿ ಅದನ್ನ ಬರೆಯೋಕೇ ಹೆದರಿದ್ರು, ಜನಾಂಗದ್ವೇಷಿ ಅನ್ನಿಸ್ಕೋಬೇಕಾಗುತ್ತೆ ಅಂತ. ಪೊಲೀಸರು ಆ ಹುಡುಗೀರನ್ನೇ ಕೀಳಾಗಿ ನೋಡಿದ್ರು.

2017, ಮ್ಯಾಂಚೆಸ್ಟರ್ ಅರೀನಾ. ಸಂಗೀತ ಕಾರ್ಯಕ್ರಮ ಮುಗೀತಿದ್ದಂಗೆ ಬಾಂಬ್ ಸಿಡಿದು 22 ಜನ ಸತ್ರು. ಬೆನ್ನಿಗೆ ದೊಡ್ಡ ಚೀಲ ಹಾಕ್ಕೊಂಡು ನಿಂತಿದ್ದವನನ್ನ ಕಂಡು ಕಾವಲಿಗಿದ್ದ 18 ವರ್ಷದ ಹುಡುಗನಿಗೆ ಅನುಮಾನ ಬಂದಿತ್ತು. ತಪ್ಪಾದ್ರೆ ನನ್ನ ಜನಾಂಗದ್ವೇಷಿ ಅಂತಾರೆ ಅನ್ನೋ ಅಳುಕಿತ್ತು ಅಂತ ಆಮೇಲೆ ವಿಚಾರಣೇಲಿ ಅವನೇ ಹೇಳಿದ.

ಇವೆಲ್ಲ ವಾಟ್ಸಾಪ್ ಪುರಾಣ ಅಲ್ಲ, ವಿಚಾರಣೆಗಳಲ್ಲಿ ದಾಖಲಾಗಿರೋದು. ಹತ್ತು ಸಲ ಮುಚ್ಚಿಟ್ಟವರು ಹನ್ನೊಂದನೇ ಸಲ ನಿಜ ಹೇಳಿದ್ರೂ ಯಾರು ನಂಬ್ತಾರೆ?

ಗ್ಲಾಸ್ಗೋ ಡಾಕ್ಟರಮ್ಮ:

ಗಟ್ಟಿಗರೇ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ "ಬೆರೆಯದ ವಲಸಿಗರು" ಅನ್ನುವ ಮಾತು ಬಂದಾಗಲೆಲ್ಲ ನನಗೆ ಒಬ್ಬ ನೆನಪಾಗುತ್ತಾನೆ. ನಮ್ಮ ರಾಜ್ಯದವನೇ.

2007ರ ಜೂನ್ 30, ಶನಿವಾರ. ಸ್ಕಾಟ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿ ಗ್ಲಾಸ್ಗೋ ವಿಮಾನ ನಿಲ್ದಾಣ ತುಂಬಿ ತುಳುಕುತ್ತಿತ್ತು. ಗ್ಯಾಸ್ ಸಿಲಿಂಡರ್ ತುಂಬಿದ ಜೀಪನ್ನು ಟರ್ಮಿನಲ್ ಬಾಗಿಲಿಗೆ ನುಗ್ಗಿಸಿದರು. ಹಿಂದಿನ ದಿನ ಲಂಡನ್ನಿನಲ್ಲಿ ಎರಡು ಕಾರು ಬಾಂಬ್ ಇಟ್ಟು ವಿಫಲರಾದವರೂ ಇವರೇ. ಜೀಪು ಓಡಿಸುತ್ತಿದ್ದವನು ಕಫೀಲ್ ಅಹ್ಮದ್, ಬೆಂಗಳೂರಿನವನು. ದಾವಣಗೆರೆಯಲ್ಲಿ ಎಂಜಿನಿಯರಿಂಗ್, ಬೆಲ್‌ಫಾಸ್ಟ್‌ನಲ್ಲಿ ಮುಂದಿನ ಓದು, ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿಗೆ ಸೇರಿದವನು. ಮೈಯೆಲ್ಲ ಸುಟ್ಟುಕೊಂಡು ಆಗಸ್ಟ್ 2ಕ್ಕೆ ಸತ್ತ. ಜೊತೆಗಿದ್ದ ಬಿಲಾಲ್ ಅಬ್ದುಲ್ಲಾ ಇರಾಕಿ ಮೂಲದ ಡಾಕ್ಟರ್, ಹುಟ್ಟಿದ್ದು ಇಂಗ್ಲೆಂಡಿನಲ್ಲೇ. ಅವನು ಕೆಲಸ ಮಾಡುತ್ತಿದ್ದದ್ದು ಗ್ಲಾಸ್ಗೋ ಪಕ್ಕದ ಪೇಸ್ಲಿಯ ಆಸ್ಪತ್ರೆಯಲ್ಲಿ, ಸುಟ್ಟ ಕಫೀಲನನ್ನು ಮೊದಲು ಹೊತ್ತು ತಂದದ್ದೂ ಅಲ್ಲಿಗೇ. ಅಬ್ದುಲ್ಲಾಗೆ ಕನಿಷ್ಠ 32 ವರ್ಷ ಜೈಲಾಯಿತು.

ನಾನಾಗ ಬೇರೊಂದು ಊರಿನಲ್ಲಿ ಜೂನಿಯರ್ ಡಾಕ್ಟರ್. ಕಫೀಲನ ಊರು ಸುದ್ದಿಯಲ್ಲಿ ಬಂದ ಮೇಲೆ ಒಂದು ಬೆಳಗ್ಗೆ ವಾರ್ಡಿನಲ್ಲಿ ಒಬ್ಬರು ಅಜ್ಜಿ ನನ್ನ ಹೆಸರಿನ ಬಿಲ್ಲೆ ಓದಿ, "ನಿನ್ನದು ಯಾವ ಊರಮ್ಮ?" ಎಂದರು. ದಿನಾ ಕೇಳುವ ಪ್ರಶ್ನೆಯೇ. ಅವತ್ತು ಬೆಂಗಳೂರು ಅನ್ನಲು ನಾಲಗೆ ಏಳಲಿಲ್ಲ. ಮೈಸೂರು ಅಂದೆ.

ಇಂಗ್ಲಿಷ್ ಬರಬೇಕು, ಓದಿರಬೇಕು, ಕೆಲಸ ಇರಬೇಕು, ತೆರಿಗೆ ಕಟ್ಟಬೇಕು. ಬೆರೆಯುವುದು ಅಂದರೆ ಇಷ್ಟೇ ಆದರೆ ಆ ಇಬ್ಬರೂ ಫಸ್ಟ್ ಕ್ಲಾಸಲ್ಲಿ ಪಾಸು. 2005ರ ಜುಲೈ 7ರಂದು ಲಂಡನ್ನಿನಲ್ಲಿ 52 ಜನರನ್ನು ಕೊಂದವರ ಮುಖಂಡ ಲೀಡ್ಸ್‌ನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ನೆರವಾಗುವ ಕೆಲಸದಲ್ಲಿದ್ದವನು.

ಬೆಣ್ಣೆದೋಸೆ ದಾವಣಗೆರೆ:

ಡಾಕ್ಟ್ರೇ, ನಾನು ಆಗ ಅದೇ ಕಾಲೇಜು. ಅವನು ಪಾಸಾಗಿ ಏಳು ವರ್ಷ ಆಗಿತ್ತು, ನಾವ್ಯಾರೂ ಮುಖ ಕಂಡೋರಲ್ಲ. ಟಿವಿಯೋರು ಗೇಟ್ ಹತ್ರ ಮೈಕ್ ಹಿಡ್ಕೊಂಡು "ಅವನು ಹೆಂಗಿದ್ದ" ಅಂತ ಕೇಳ್ತಾರೆ. ಕ್ಯಾಂಟೀನ್ ಹುಡುಗ ಒಬ್ಬ "ಬಾಳ ಸೈಲೆಂಟ್ ಸಾರ್" ಅಂದ. ಆ ಹುಡುಗ ಕೆಲಸಕ್ಕೆ ಸೇರಿ ಆರು ತಿಂಗ್ಳಾಗಿತ್ತು ಅಷ್ಟೆ! ಎಲ್ಲಾ ಉಗ್ರರೂ ಸೈಲೆಂಟೇ ಇರ್ತಾರೆ ನೋಡ್ರಿ ಟಿವೀಲಿ.

ತಮಾಷೆ ಬಿಡಿ. ಬೆಂಗ್ಳೂರಿಂದ ಎಷ್ಟು ಜನ ಹಂಗೇ ಓದಕ್ಕೆ ಹೋದ್ರು, ಒಬ್ಬ ಹಿಂಗಾದ. ಅಲ್ಲಿ ಸೇರಿದ ಸಹವಾಸ, ಇರಾಕ್ ಯುದ್ಧದ ವಿಡಿಯೋ ಅಂತೆಲ್ಲ ಓದಿದೀನಿ. ಯಾವ ಪರೀಕ್ಷೆ ಇಟ್ಟಿದ್ರೆ ಅವನನ್ನ ವೀಸಾ ಕೌಂಟರಲ್ಲೇ ಹಿಡೀಬಹುದಿತ್ತು? ನಂಗಂತೂ ಗೊತ್ತಾಗ್ತಿಲ್ಲ.

ಬರ್ಮಿಂಗ್‌ಹ್ಯಾಮ್ ಬ್ಯಾರಿ:

ಕಫೀಲನ ಕಥೆ ಹೇಳಿದ ಮೇಲೆ ಹನೀಫರ ಕಥೆ ಹೇಳದೆ ಬಿಟ್ಟರೆ ಅದು ಅರ್ಧ ಆಗ್ತದೆ ಮಾರಾಯ್ರೆ.

ಡಾಕ್ಟರ್ ಮೊಹಮ್ಮದ್ ಹನೀಫ್, ಮೂಡಿಗೆರೆ ಕಡೆಯವರು. ಇಂಗ್ಲೆಂಡಿನಲ್ಲಿ ಕೆಲಸ ಮಾಡಿ 2006ರಲ್ಲಿ ಆಸ್ಟ್ರೇಲಿಯಕ್ಕೆ ಹೋದರು. ಹೋಗುವಾಗ ಮೊಬೈಲ್ ಸಿಮ್ಮನ್ನು ಸಂಬಂಧದ ಹುಡುಗ ಸಬೀಲನಿಗೆ ಕೊಟ್ಟರು, ಅದರಲ್ಲಿ ಇನ್ನೂ ಫ್ರೀ ನಿಮಿಷ ಉಳಿದಿತ್ತು ಅಂತ. ನಾವೆಲ್ಲ ಮಾಡುದೇ ಅಲ್ವಾ ಅದು? ಊರಿಗೆ ಹೋಗುವವ ಸಿಮ್ಮು, ಕುಕ್ಕರು, ಹಾಸಿಗೆ ಎಲ್ಲ ಹಿಂದಿನವನಿಗೆ ಕೊಟ್ಟು ಹೋಗುದು. ಆ ಸಬೀಲ ಕಫೀಲನ ತಮ್ಮ.

ಗ್ಲಾಸ್ಗೋ ಘಟನೆ ಆಗಿ ಎರಡು ದಿನಕ್ಕೆ ಬ್ರಿಸ್ಬೇನ್ ಏರ್‌ಪೋರ್ಟಲ್ಲಿ ಹನೀಫರನ್ನು ಹಿಡಿದರು. ಬೆಂಗಳೂರಲ್ಲಿ ಹೆಂಡತಿಗೆ ಸಿಸೇರಿಯನ್ ಆಗಿ ಒಂದು ವಾರ, ಮಗು ನೋಡ್ಲಿಕ್ಕೆ ಹೊರಟಿದ್ದವರು. ಒನ್ ವೇ ಟಿಕೆಟ್ ಯಾಕೆ ತಕ್ಕೊಂಡದ್ದು ಅಂತ ಅದೊಂದು ಅನುಮಾನ. 12 ದಿನ ಆರೋಪವೇ ಇಲ್ಲದೆ ಒಳಗೆ. ಸಿಮ್ಮು ಸುಟ್ಟ ಜೀಪಿನಲ್ಲಿ ಸಿಕ್ಕಿತು ಅಂತ ಕೋರ್ಟಲ್ಲಿ ಹೇಳಿದರು. ನಿಜಕ್ಕೂ ಅದು ಇದ್ದದ್ದು ಲಿವರ್‌ಪೂಲಲ್ಲಿ, ಸಬೀಲನ ಹತ್ತಿರ. ಗ್ಲಾಸ್ಗೋಗೂ ಲಿವರ್‌ಪೂಲಿಗೂ ಎಷ್ಟು ದೂರ ಉಂಟು ನೋಡಿ! ಜಡ್ಜು ಜಾಮೀನು ಕೊಟ್ಟರೆ ಅಲ್ಲಿನ ವಲಸೆ ಮಂತ್ರಿ ಅದೇ ದಿನ ವೀಸಾ ರದ್ದು ಮಾಡಿದ. ಜುಲೈ 27ಕ್ಕೆ ಕೇಸು ಬಿದ್ದುಹೋಯಿತು. ತಪ್ಪಿತಸ್ಥ ಅನ್ನಲು ಸಾಕ್ಷ್ಯವೇ ಇರಲಿಲ್ಲ ಅಂತ 2008ರಲ್ಲಿ ಅಲ್ಲಿನ ಸರ್ಕಾರವೇ ನೇಮಿಸಿದ ಕ್ಲಾರ್ಕ್ ವಿಚಾರಣೆ ಹೇಳಿತು, 2010ರಲ್ಲಿ ಪರಿಹಾರವೂ ಸಿಕ್ಕಿತು.

ಆ ಸಿಮ್ಮು ನನಗೆ ಮರೀಲಿಕ್ಕೆ ಆಗುದಿಲ್ಲ. ಈಗಲೂ ಯಾರಿಗೂ ನನ್ನ ಹೆಸರಿನ ಸಿಮ್ ಕೊಡುದಿಲ್ಲ, ತಂಗಿಗೂ ಇಲ್ಲ.

ಇಲ್ಲಿ ಶೆಡ್ಯೂಲ್ 7 ಅಂತ ಒಂದು ಉಂಟು, 2000ದ ಭಯೋತ್ಪಾದನಾ ಕಾನೂನಿನದ್ದು. ಏರ್‌ಪೋರ್ಟಲ್ಲಿ ಅನುಮಾನವೇ ಬೇಕಾಗಿಲ್ಲ, ಆರು ಗಂಟೆವರೆಗೆ ನಿಲ್ಲಿಸಿ ಪ್ರಶ್ನೆ ಮಾಡಬಹುದು. ನನ್ನನ್ನು ಎರಡು ಸಲ ನಿಲ್ಲಿಸಿದರು. ಒಬ್ಬ ಆಫೀಸರ್ ಮರ್ಯಾದೆಯಿಂದ ಮಾತಾಡಿಸಿ, ಯಾಕೆ ನಿಲ್ಲಿಸಿದ್ದು ಅಂತ ಹೇಳಿ ಕಳಿಸಿದ. ಇನ್ನೊಬ್ಬ ಮಗಳ ಎದುರೇ ನಾನು ದಿನಕ್ಕೆ ಎಷ್ಟು ಸಲ ನಮಾಜು ಮಾಡುದು ಅಂತ ಕೇಳಿದ. ನಾಳೆ ನನ್ನ ಬೀದಿಯಲ್ಲಿ ಏನಾದರೂ ಕಂಡರೆ ಮೊದಲನೆಯವನಿಗೆ ಫೋನ್ ಮಾಡ್ತೇನೆ. ಎರಡನೆಯವನಿಗೆ ಮಾಡುದಿಲ್ಲ.

ಗಟ್ಟಿಗರು ಕೇಳುವ ಮೊದಲೇ ಹೇಳ್ತೇನೆ, ನಮ್ಮೊಳಗೂ ಸುಮ್ಮನಿದ್ದವರು ಉಂಟು. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಮಸೀದಿಯನ್ನು ಅಬು ಹಮ್ಜಾ ಎಂಬ ಉಗ್ರವಾದಿ ಬೋಧಕ ಹಿಡಿದುಕೊಂಡಾಗ ಅಲ್ಲಿನ ಹಿರಿಯರು ದೂರು ಕೊಟ್ಟು ಸಾಕಾಗಿದ್ದರು, ಉಳಿದವರು ನಮಗ್ಯಾಕೆ ಅಂತ ಬೇರೆ ಮಸೀದಿಗೆ ಹೋದರು. 2003ರಲ್ಲಿ ಪೊಲೀಸರು ನುಗ್ಗಿದರು, 2005ರಲ್ಲಿ ಹೊಸ ಆಡಳಿತ ಬಂತು. ಆ ಬದಲಾವಣೆ ಮಾಡಿದ್ದು ಊರಿನ ಮುಸ್ಲಿಮರು ಮತ್ತು ಪೊಲೀಸರು ಒಟ್ಟಿಗೆ ಕೂತು. 2017ರಲ್ಲಿ ಅಲ್ಲೇ ಹತ್ತಿರ ಒಬ್ಬ ನಮಾಜು ಮುಗಿಸಿ ಬರುವವರ ಮೇಲೆ ವ್ಯಾನ್ ಹತ್ತಿಸಿದ. ಸಿಟ್ಟಾದ ಜನರ ಕೈಯಿಂದ ಅವನನ್ನು ಉಳಿಸಿ ಪೊಲೀಸರಿಗೆ ಒಪ್ಪಿಸಿದ್ದು ಒಬ್ಬರು ಇಮಾಮ್.

ಹಾಸನದ ಗಟ್ಟಿಗ:

ಬ್ಯಾರಿ ಸಾಹೇಬ್ರೇ, ಹನೀಫರಿಗೆ ಆಗಿದ್ದು ಅನ್ಯಾಯ, ಒಪ್ಪಿದೆ. ನಂದು ಬೇರೆ ಪ್ರಶ್ನೆ. ಗೊತ್ತಿದ್ದೂ ಬಿಟ್ಟವರ ಕಥೆ ಏನು? ಸೌತ್‌ಪೋರ್ಟ್ ಹುಡುಗನನ್ನೇ ತಗೊಳ್ಳಿ. 2019ರಿಂದ 2021ರ ಒಳಗೆ ಮೂರು ಸಲ ಅವನ ಹೆಸರು ಪ್ರಿವೆಂಟ್‌ಗೆ ಹೋಗಿತ್ತು. ಮೂರು ಸಲವೂ ಫೈಲ್ ಮುಚ್ಚಿದ್ರು. ಇಂಥದೇ ಸಿದ್ಧಾಂತ ಅಂತ ಇಲ್ಲ, ನಮ್ಮ ವ್ಯಾಪ್ತಿಗೆ ಬರಲ್ಲ ಅಂತ. ಸರ್ಕಾರಿ ಆಫೀಸು ಅಂದ್ರೆ ಎಲ್ಲಾ ಕಡೆ ಒಂದೇ ನೋಡಿ, "ಇದು ನಮ್ಮ ಸೆಕ್ಷನ್ ಅಲ್ಲ."

ನಿರ್ವಾಹಕರು: ಪ್ರಿವೆಂಟ್ ಏನು ಅಂತ ಇಬ್ಬರು ಕೇಳಿದ್ದಾರೆ. ಉಗ್ರವಾದದ ಕಡೆ ಜಾರುತ್ತಿರುವವರನ್ನು ಮೊದಲೇ ಗುರುತಿಸಿ ತಿದ್ದುವ ಬ್ರಿಟಿಷ್ ಸರ್ಕಾರದ ಯೋಜನೆ. 2015ರಿಂದ ಶಾಲೆ, ಆಸ್ಪತ್ರೆ, ಕೌನ್ಸಿಲ್‌ಗಳಿಗೆ ಇದು ಕಾನೂನಿನ ಹೊಣೆ. 2023-24ರಲ್ಲಿ ಏಳು ಸಾವಿರದ ಆಸುಪಾಸು ಹೆಸರುಗಳು ಬಂದಿದ್ದವು. ಸಮುದಾಯದ ಹೆಸರು ಹಿಡಿದು ಬೈದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ.

ಹುಬ್ಬಳ್ಳಿ ಹಳೇ ಪೊಲೀಸ್:

ನಾ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ಮಗ ರೆಡಿಂಗ್‌ನ್ಯಾಗ ಅದಾನ, ವರ್ಷಕ್ಕೊಮ್ಮೆ ಹೋಗಿ ಮೂರು ತಿಂಗಳ ಇದ್ದು ಬರ್ತೀವಿ. ಅಲ್ಲೆ ಫೋರ್ಬರಿ ಗಾರ್ಡನ್ ಅಂತ ಪಾರ್ಕ್ ಐತಿ, ನಡುವ ದೊಡ್ಡ ಸಿಂಹದ ಮೂರ್ತಿ. ನಾ ದಿನಾ ಸಂಜಿಗೆ ಅಲ್ಲೆ ಕುಂದ್ರತೇನಿ.

2020ರ ಜೂನ್ 20ಕ್ಕ ಅದ ಪಾರ್ಕಿನ್ಯಾಗ ಲಿಬಿಯಾದಿಂದ ಆಶ್ರಯ ಬೇಡಿ ಬಂದವ ಒಬ್ಬ ಮೂರು ಮಂದೀನ ಚಾಕು ಹಾಕಿ ಕೊಂದ. ಜೈಲಿನಿಂದ ಹೊರಗ ಬಂದು ಹದಿನೈದು ದಿನ ಆಗಿತ್ತು ಅಷ್ಟ. ಹಿಂದಿನ ದಿನ ಅವನ ಅಣ್ಣನ ಪೊಲೀಸರಿಗೆ ಫೋನ್ ಮಾಡಿ ಇವಗ ತಲಿ ಸರಿ ಇಲ್ಲ ಅಂತ ಹೇಳಿದ್ದ. ಪೊಲೀಸರು ಮನೀಗೆ ಹೋದ್ರು, ಮಾತಾಡಿಸಿದ್ರು, ಆರಾಮ ಅದಾನ ಅಂತ ಹೊಳ್ಳಿ ಬಂದ್ರು. ಈ ಸಾವು ತಪ್ಪಿಸಬಹುದಿತ್ತು ಅಂತ 2024ರಾಗ ವಿಚಾರಣಿ ಮಾಡಿದ ಜಡ್ಜ್ ಹೇಳ್ಯಾರ.

ಮತಾಂಧ ಹೌದು, ತಲಿನೂ ಕೆಟ್ಟಿತ್ತು, ಹತ್ತಾರು ಕೇಸೂ ಇದ್ವು. ಒಂದೊಂದು ಒಂದೊಂದು ಆಫೀಸಿನ ಫೈಲ್‌ನ್ಯಾಗ. ನಮ್ಮ ಬೀಟ್‌ನ್ಯಾಗ ರೌಡಿ ಶೀಟರ್ ಜೈಲಿನಿಂದ ಬಂದ ಅಂದ್ರ ಚಹಾದ ಅಂಗಡಿಯಾಂವ ಮೊದಲ ಹೇಳ್ತಿದ್ದ. ಇಂಗ್ಲೆಂಡಿನ್ಯಾಗ 2010ರ ನಂತರ ಖರ್ಚು ಕಡಿಮಿ ಮಾಡತೇವಂತ ಇಪ್ಪತ್ತು ಸಾವಿರದಷ್ಟು ಪೊಲೀಸರನ್ನ ಕಡಿಮಿ ಮಾಡಿದ್ರು. ಓಣಿ ಸುತ್ತೋರು ಹೋದ್ರು. ಈಗ ಮತ್ತ ಭರ್ತಿ ಮಾಡ್ಯಾರಂತ, ಆದ್ರ ಹೊಸ ಹುಡುಗರಿಗೆ ಓಣ್ಯಾಗಿನ ಚಹಾದ ಅಂಗಡಿ ಯಾವುದು ಅಂತ ಗೊತ್ತಿರಬೇಕಲ್ರಿ?

ಕಿಸ್ತಾ ಕನ್ನಡಿಗ:

ಬ್ರಿಟನ್ ಒಂದನ್ನೇ ಮಾತಾಡ್ತಿದ್ದೀರ, ಸ್ವೀಡನ್ ಕಡೆಯಿಂದ ಒಂದು ಮಾತು.

ಸ್ಟಾಕ್‌ಹೋಮ್‌ನ ಕಿಸ್ತಾದಲ್ಲಿ ಭಾರತದ ಸಾಫ್ಟ್‌ವೇರ್‌ನವರು ರಾಶಿ ರಾಶಿ ಇದ್ದೀವಿ. ಮೆಟ್ರೋದಲ್ಲಿ ಮುಂದಿನ ಸ್ಟೇಷನ್ ಹುಸ್ಬಿ. 2013ರ ಮೇನಲ್ಲಿ, ಪೊಲೀಸರು 69 ವರ್ಷದ ಒಬ್ಬರನ್ನ ಗುಂಡಿಟ್ಟು ಕೊಂದ ಮೇಲೆ, ದಿನಗಟ್ಟಲೆ ಕಾರು ಸುಟ್ಟ ಹುಸ್ಬಿ ಅದೇ. ಒಂದು ಸ್ಟೇಷನ್ ದೂರ ಅಷ್ಟೇ, ಆದ್ರೆ ನಮ್ಮಲ್ಲಿ ಎಷ್ಟೋ ಜನ ಹತ್ತು ವರ್ಷದಲ್ಲಿ ಒಂದು ಸಲವೂ ಅಲ್ಲಿ ಇಳಿದಿಲ್ಲ. ನಾವು "ಬೆರೆತವರು" ಅಂತ ಹೆಸರು, ಸ್ವೀಡಿಷ್‌ನಲ್ಲಿ ಹಾಲು ಕೇಳೋಕೂ ಬರಲ್ಲ. ಹುಸ್ಬಿ ಹುಡುಗರಿಗೆ ಸ್ವೀಡಿಷ್ ನೀರು ಕುಡಿದಂಗೆ ಬರುತ್ತೆ, ಅವರು "ಬೆರೆಯದವರು".

2015 ಒಂದೇ ವರ್ಷ 1,62,877 ಜನ ಇಲ್ಲಿ ಆಶ್ರಯ ಕೇಳಿದ್ರು. ಇಡೀ ದೇಶದ ಜನಸಂಖ್ಯೆ ಆಗ ಒಂದು ಕೋಟಿಗೂ ಕಡಿಮೆ. ಅರ್ಜಿ ಹಾಕಿದವರು ಎಲ್ಲಿ ಬೇಕಾದ್ರೂ ಇರಬಹುದು ಅಂತ 1994ರಿಂದ ನಿಯಮ ಇತ್ತು. ಎಲ್ಲರೂ ನೆಂಟರಿಷ್ಟರು ಇದ್ದ ಅದೇ ಅಪಾರ್ಟ್‌ಮೆಂಟುಗಳಿಗೆ ಬಂದು ಸೇರಿದ್ರು, ಒಂದು ಮನೇಲಿ ಮೂರು ಸಂಸಾರ. ಪೊಲೀಸರೇ "ದುರ್ಬಲ ಪ್ರದೇಶ" ಅಂತ ಪಟ್ಟಿ ಮಾಡ್ತಾರೆ, 2017ರಲ್ಲಿ 61 ಇದ್ವು. ಪೊಲೀಸರು ಕಾಲಿಡೋಕೇ ಆಗಲ್ಲ ಅನ್ನೋದು ಉತ್ಪ್ರೇಕ್ಷೆ. ಆದ್ರೆ ಅಲ್ಲಿ ಸಾಕ್ಷಿ ಹೇಳೋಕೆ ಯಾರೂ ಮುಂದೆ ಬರಲ್ಲ, ಅದು ನಿಜ.

ಗಟ್ಟಿಗರ ವಾದಕ್ಕೆ ಬಲ ಕೊಡೋ ಕೇಸೂ ಇದೆ. 2017ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್‌ನ ಡ್ರೊಟ್‌ನಿಂಗ್‌ಗಾಟನ್ ಬೀದೀಲಿ ಲಾರಿ ಹತ್ತಿಸಿ ಐವರನ್ನ ಕೊಂದ ಉಜ್ಬೇಕಿಸ್ತಾನದವನ ಆಶ್ರಯ ಅರ್ಜಿ ತಿರಸ್ಕಾರ ಆಗಿತ್ತು, ದೇಶ ಬಿಡು ಅಂತ ಆದೇಶ ಆಗಿತ್ತು, ಪೊಲೀಸರಿಗೆ ಅವನು ಸಿಕ್ಕಿರಲಿಲ್ಲ. ಇದನ್ನ ಹೇಳೋದು ದ್ವೇಷ ಅಲ್ಲ.

ಆದ್ರೆ ಇಲ್ಲಿ ಹೆಚ್ಚು ಹೆಣ ಬೀಳೋದು ಮತದಿಂದಲ್ಲ, ಡ್ರಗ್ಸ್ ಗ್ಯಾಂಗ್‌ಗಳಿಂದ. 2022ರಲ್ಲಿ ಗುಂಡೇಟಿಗೆ 62 ಜನ ಸತ್ರು. ಹದಿನೈದರ ಹುಡುಗರಿಗೆ ಪಿಸ್ತೂಲ್ ಕೊಟ್ಟು ಕಳಿಸ್ತಾರೆ, ಜೈಲು ಕಡಿಮೆ ಅಂತ. ಆ ಹುಡುಗರಿಗೆ ಧರ್ಮವೂ ಗೊತ್ತಿಲ್ಲ, ಧರ್ಮಗುರು ಹೇಳಿದ್ರೆ ಕೇಳೋದೂ ಇಲ್ಲ.

ಆಮೇಲೆ ಕುರಾನ್ ಸುಡೋ ಪ್ರಕರಣ. 2022ರ ಈಸ್ಟರ್‌ಗೆ ಪಲುದಾನ್ ಅನ್ನೋ ವಲಸೆ ವಿರೋಧಿ ರಾಜಕಾರಣಿ ಊರೂರು ಸುತ್ತಿ ಸುಡೋಕೆ ಹೊರಟ. ಗಲಭೇಲಿ ನೂರಕ್ಕೂ ಹೆಚ್ಚು ಪೊಲೀಸರಿಗೆ ಗಾಯ. ಅವನ ಹಕ್ಕನ್ನ ಕಾಯೋಕೆ ನಿಂತ ಪೊಲೀಸರಿಗೇ ಕಲ್ಲು! 2023ರಲ್ಲಿ ಪೊಲೀಸರು ಅನುಮತಿ ಕೊಡಲ್ಲ ಅಂದ್ರೆ ಕೋರ್ಟು ಕೊಡಲೇಬೇಕು ಅಂತು. ಬಕ್ರೀದ್ ದಿನ ಸ್ಟಾಕ್‌ಹೋಮ್ ಮಸೀದಿ ಮುಂದೆ ಸುಟ್ಟವನು ಸಲ್ವಾನ್ ಮೋಮಿಕಾ, ಅವನೂ ಇರಾಕಿನಿಂದ ಆಶ್ರಯಕ್ಕೆ ಬಂದವನೇ. 2025ರ ಜನವರಿಯಲ್ಲಿ, ಅವನ ಮೇಲಿದ್ದ ಕೇಸಿನ ಕೋರ್ಟ್ ತೀರ್ಪಿನ ಹಿಂದಿನ ರಾತ್ರಿ ಅವನನ್ನ ಗುಂಡಿಟ್ಟು ಕೊಂದ್ರು. ಅದಾಗಿ ಒಂದು ವಾರಕ್ಕೆ ಓರೆಬ್ರೊದ ವಯಸ್ಕರ ಶಾಲೆಗೆ ಒಬ್ಬ ಸ್ವೀಡಿಷ್ ಯುವಕ ಬಂದೂಕು ಹಿಡಿದು ನುಗ್ಗಿ ಹತ್ತು ಜನರನ್ನ ಕೊಂದ. ಸತ್ತವರಲ್ಲಿ ಹಲವರು ಹೊರದೇಶದಿಂದ ಬಂದು ಅಲ್ಲಿ ಓದ್ತಿದ್ದವರು. ನನ್ನ ಹೆಂಡತಿ ಅಂಥದೇ ಶಾಲೇಲಿ ಸ್ವೀಡಿಷ್ ಕಲೀತಾಳೆ. ಮಾರನೇ ದಿನ ಕ್ಲಾಸಿಗೆ ಹೋಗ್ಲಾ ಬೇಡ್ವಾ ಅಂತ ಕೇಳಿದ್ಲು. ನಾನು ಏನಂತ ಹೇಳ್ಬೇಕಿತ್ತು?

ಲೆಸ್ಟರ್‌ನ ತುಮಕೂರಿನವನು:

ಎಲ್ಲ ಓದಿದೆ. ಹಳೇ ಪೊಲೀಸ್ ಯಜಮಾನರ ಚಹಾದ ಅಂಗಡಿ ಮಾತು ಬಿಡದೆ ಕಾಡ್ತಿದೆ, ಯಾಕಂದ್ರೆ ನಮ್ಮೂರಲ್ಲಿ 2022ರಲ್ಲಿ ಆಗಿದ್ದು ಅದರ ತಿರುವುಮುರುವು.

ಆಗಸ್ಟ್ 28ರಂದು ಏಷ್ಯಾ ಕಪ್‌ನಲ್ಲಿ ಭಾರತ ಪಾಕಿಸ್ತಾನವನ್ನ ಸೋಲಿಸಿತು. ಬೆಲ್‌ಗ್ರೇವ್ ಕಡೆ ಹುಡುಗರು ಬೀದಿಗಿಳಿದ್ರು. ಅಲ್ಲಿಂದ ಮೂರು ವಾರ ಊರು ಕುದೀತಾ ಇತ್ತು. ಮುಸ್ಲಿಂ ಹುಡುಗಿಯನ್ನ ಅಪಹರಿಸೋಕೆ ಹಿಂದೂಗಳು ಬಂದಿದ್ರು ಅಂತ ಒಂದು ಪೋಸ್ಟ್. ಅಂಥದ್ದು ನಡೆದೇ ಇಲ್ಲ ಅಂತ ಪೊಲೀಸರು ಹೇಳೋ ಹೊತ್ತಿಗೆ ಅದು ಊರೆಲ್ಲ ಸುತ್ತಿತ್ತು. ಆಮೇಲೆ ಒಂದು ಕಡೆಯಿಂದ ಮುಖ ಮುಚ್ಚಿಕೊಂಡ ಮೆರವಣಿಗೆ, ಇನ್ನೊಂದು ಕಡೆಯಿಂದ ದೇವಸ್ಥಾನದ ಬಾವುಟ ಕಿತ್ತ ವಿಡಿಯೋ. ಈ ಊರಿನ ಬಗ್ಗೆ ಕಿಡಿ ಹಚ್ಚೋ ಟ್ವೀಟುಗಳಲ್ಲಿ ಬಹಳಷ್ಟು ಭಾರತದಿಂದಲೇ ಬರ್ತಿದ್ವು. ನಮ್ಮ ಬೀದಿ ಎಲ್ಲಿದೆ ಅಂತ ಗೊತ್ತಿಲ್ಲದವರು ನಮ್ಮ ಬೀದಿಯಲ್ಲಿ ಯಾರು ಯಾರನ್ನ ಹೊಡೆದ್ರು ಅಂತ ನಮಗೇ ಹೇಳ್ತಿದ್ರು.

ಇದೇ ಲೆಸ್ಟರ್ 1972ರಲ್ಲಿ ಉಗಾಂಡಾದ ಪತ್ರಿಕೇಲಿ ಜಾಹೀರಾತು ಕೊಟ್ಟಿತ್ತು. ಇದಿ ಅಮೀನ್ ಓಡಿಸಿದ ಏಷ್ಯನ್ನರೇ, ನಮ್ಮೂರಿಗೆ ಬರಬೇಡಿ, ಇಲ್ಲಿ ಜಾಗ ಇಲ್ಲ ಅಂತ. ಅವರು ಬಂದೇ ಬಂದ್ರು, ಅಂಗಡಿ ಇಟ್ರು, ಊರನ್ನ ಕಟ್ಟಿದ್ರು. ಐವತ್ತು ವರ್ಷ "ಬೆರೆಯೋದು ಅಂದ್ರೆ ಲೆಸ್ಟರ್ ನೋಡಿ" ಅಂತ ಎಲ್ಲರೂ ಕೈ ತೋರಿಸ್ತಿದ್ರು. ಸರಿಯಾಗಿ ಐವತ್ತನೇ ವರ್ಷಕ್ಕೆ ಇದು.

ನಿನ್ನೆ ನಮ್ಮ ಗುಂಪಲ್ಲಿ ಬರೆದೆ, 2024ರಲ್ಲಿ ನಾನು ಕಳಿಸಿದ ಆ ಮೆಸೇಜು ಸುಳ್ಳಾಗಿತ್ತು, ತಪ್ಪಾಯ್ತು ಅಂತ. ಎಂಬತ್ತು ಜನ ನೋಡಿದ್ದಾರೆ, ಇಬ್ಬರು ಕೈಮುಗಿದ ಚಿಹ್ನೆ ಹಾಕಿದ್ರು. ಒಬ್ಬರು "ಈಗ್ಯಾಕೆ ಹಳೇದು?" ಅಂದ್ರು.

ಹಾಸನದ ಗಟ್ಟಿಗ:

ಇರ್ಲಿ ಬಿಡಿ ಸಾರ್. ನಿಜ ಹೇಳ್ತೀನಿ, ಆ ಮೆಸೇಜು ನಾನೂ ಕಳಿಸಿದ್ದೆ. ಈಗ ಹುಡುಕಿ ಅಳಿಸಿದೆ, ಅಲ್ಲೇ ಸುಳ್ಳು ಅಂತಾನೂ ಬರೆದೆ. ಆದ್ರೆ ರಾದರ್‌ಹ್ಯಾಮ್ ವಿಷಯ ಮಾತ್ರ ನಾನು ಬಿಡೋನಲ್ಲ.

ಬರ್ಮಿಂಗ್‌ಹ್ಯಾಮ್ ಬ್ಯಾರಿ:

ಬಿಡ್ಬೇಡಿ ಮಾರಾಯ್ರೆ. ನನಗೂ ಇಬ್ಬರು ಹೆಣ್ಣುಮಕ್ಕಳು ಉಂಟು.